ಲಂಡನ್ ಗಲಭೆ ಚರ್ಚೆ: ಎಲ್ಲರೂ ಓದಿ

ಗೆಳೆಯರೇ, 2011ರ ಲಂಡನ್ ಗಲಭೆ ಬಗ್ಗೆ ಇಲ್ಲಿ ಮಾತು ಬಿಸಿಯಾಗುತ್ತಿದೆ. ‘ಬರೀ ಪುಂಡರ ಕೆಲಸ’ ಎಂದು ಬರೆದು ಸುಮ್ಮನಾಗಬೇಡಿ. ಆಗಿನ ಬ್ರಿಟನ್ ಪ್ರಧಾನಿ ಕ್ಯಾಮರಾನ್ ಹೇಳಿದ್ದೂ ಹೆಚ್ಚುಕಮ್ಮಿ ಅದನ್ನೇ. ಆದರೆ ಲಂಡನ್ನಿನ ಟಾಟನ್‌ಹ್ಯಾಮ್ ಪ್ರದೇಶದಲ್ಲಿ ಪೊಲೀಸರ ಗುಂಡಿಗೆ ಮಾರ್ಕ್ ಡಗ್ಗನ್ ಎಂಬ ಕಪ್ಪು ಯುವಕ ಸತ್ತ ಮೇಲೆ ಗಲಭೆ ಶುರುವಾಯಿತು. ಬೀದಿಯಲ್ಲಿ ಪದೇ ಪದೇ ತಡೆದು ಜೇಬು ತಡಕುವ ಪೊಲೀಸರ ಮೇಲೆ ಅಲ್ಲಿನ ಕಪ್ಪು ಯುವಕರಿಗೆ ಮೊದಲೇ ಸಿಟ್ಟಿತ್ತು. ಕೆಲಸವಿಲ್ಲದವರೂ ಜಾಸ್ತಿ ಇದ್ದರು. ಅಂಗಡಿ ಸುಟ್ಟವರಿಗೆ ಶಿಕ್ಷೆ ಆಗಬೇಕು, ಅದರಲ್ಲಿ ಎರಡು ಮಾತಿಲ್ಲ. ಗಲಭೆ ಇಂಗ್ಲೆಂಡಿನ ಬೇರೆ ಊರುಗಳಿಗೂ ಹಬ್ಬಿ ಒಟ್ಟು ಐದು ಜೀವ ಹೋಗಿವೆ. ಆದರೂ ಕಾರಣ ಕೇಳಿದವರನ್ನು ಗಲಭೆಕೋರರ ಪರ ಎನ್ನುವುದು ತಪ್ಪಲ್ವಾ? ಪೊರಕೆ ಹಿಡಿದು ಬೀದಿ ಗುಡಿಸಲು ಬಂದ ನೂರಾರು ಜನರ ಬಗ್ಗೆಯೂ ಬರೆಯಿರಿ. ಒಂದು ಜನಾಂಗವನ್ನೇ ಬೈಯುವ ಸಂದೇಶ, ಎಲ್ಲಿಯದೋ ವಿಡಿಯೊ ಬಂದರೆ ಅಳಿಸುತ್ತೇವೆ.