ಟೈಟನ್ ಕಾಳಗದ ಟ್ಯಾಂಕ್ ಆಟಗಾರರಿಗೆ ಧನ್ಯವಾದ

ಫೈನಲ್ ಫ್ಯಾಂಟಸಿ 14 ಎಂಬ ಆನ್‌ಲೈನ್ ಆಟದಲ್ಲಿ ಟೈಟನ್ ಎಂಬ ದೈತ್ಯನೊಡನೆ ತಂಡವಾಗಿ ಆಡುವ ಕಾಳಗಕ್ಕೆ, ತಂಡದವರನ್ನು ಗುಣಪಡಿಸುವ ಹೀಲರ್ ಆಗಿ ಮೊದಲ ಸಲ ಬಂದ ನನ್ನನ್ನು, ಶತ್ರುವಿನ ಹೊಡೆತಗಳನ್ನು ಮುಂದೆ ನಿಂತು ತಾಳಿಕೊಳ್ಳುವ ಟ್ಯಾಂಕ್ ಆಗಿದ್ದ ತಾವು ನಡೆಸಿಕೊಂಡ ರೀತಿಗೆ ಹೃತ್ಪೂರ್ವಕ ಕೃತಜ್ಞತೆ ಸಲ್ಲಿಸುತ್ತೇನೆ. ನನ್ನ ಹೆಸರಿನ ಪಕ್ಕದ ಹೊಸ ಆಟಗಾರರನ್ನು ಸೂಚಿಸುವ ಹಸಿರು ಮೊಳಕೆಯ ಗುರುತನ್ನು ಕಂಡ ತಾವು ತಕ್ಷಣ ಯುದ್ಧಕ್ಕಿಳಿಯದೆ, ಇದು ಮೊದಲ ಸಲವೇ ಎಂದು ವಿಚಾರಿಸಿ, ನಾನು ಉತ್ತರ ಟೈಪ್ ಮಾಡುವವರೆಗೂ ಕಾದಿರಿ. ನೆಲ ಸೀಳಿಕೊಂಡು ನೇರವಾಗಿ ಬರುವ ಲ್ಯಾಂಡ್‌ಸ್ಲೈಡ್ ಹೊಡೆತ ತಗುಲಿದವರನ್ನು ಕಣದ ಅಂಚಿನತ್ತ ತಳ್ಳುವುದರಿಂದ ಪಕ್ಕಕ್ಕೆ ಸರಿಯಬೇಕೆಂದೂ, ಕಲ್ಲಿನ ಸೆರೆಯಲ್ಲಿ ಸಿಕ್ಕಿದವರನ್ನು ಉಳಿದವರೇ ಒಡೆದು ಬಿಡಿಸುತ್ತಾರೆಂದೂ ಹೇಳಿ, ಅಷ್ಟಕ್ಕೇ ನಿಲ್ಲಿಸಿದಿರಿ. ಉಳಿದದ್ದನ್ನು ಆಡುತ್ತಲೇ ಕಂಡುಕೊಳ್ಳುವ ಸಂತೋಷವನ್ನು ಹೊಸಬರಿಗೆ ಬಿಟ್ಟುಕೊಡುವ ಈ ಸಂಯಮ, ಎಲ್ಲವನ್ನೂ ಬಲ್ಲ ಆಟಗಾರರಲ್ಲಿ ಅಪರೂಪವೆಂದೇ ನನ್ನ ಅಭಿಪ್ರಾಯ.

ವಿಡಿಯೋ ನೋಡಿಕೊಂಡು ಬರಬಾರದಿತ್ತೇ ಎಂದು ತಂಡದ ಮತ್ತೊಬ್ಬರು ಗೊಣಗಿದಾಗ, ಹೊಸಬರು ಜೊತೆಗಿದ್ದರೆ ಹಳಬರಿಗೂ ಹೆಚ್ಚುವರಿ ಬಹುಮಾನ ದೊರೆಯುತ್ತದೆಂದು ತಾವು ಸೌಮ್ಯವಾಗಿ ನೆನಪಿಸಿದಿರಿ. (ಆ ಲೆಕ್ಕಾಚಾರ ಕೇಳಿದ ಮೇಲೆ ಅವರು ಸುಮ್ಮನಾದರೆನ್ನಿ.) ಯಾರಾದರೂ ಬಿದ್ದಾಗ ತಾವು ದೂಷಿಸಲಿಲ್ಲ, ಮುಂದಿನ ಸುತ್ತಿಗೆ ಮುನ್ನ ಎಲ್ಲಿ ನಿಲ್ಲಬೇಕೆಂಬುದನ್ನು ನೆಲದ ಮೇಲೆ ಗುರುತಿಟ್ಟು ತೋರಿಸಿದಿರಿ. ಕಾಳಗ ಮುಗಿದ ಮೇಲೆ ಒಬ್ಬರಿಗೆ ಮಾತ್ರ ಕೊಡಬಹುದಾದ ಪ್ರಶಂಸೆಯನ್ನು ತಮಗೇ ಕೊಟ್ಟಿದ್ದೇನೆ. ತಮ್ಮ ಹೆಸರನ್ನು ಬರೆದಿಟ್ಟುಕೊಳ್ಳುವಷ್ಟರಲ್ಲಿ ತಂಡ ಚದುರಿದ್ದರಿಂದ, ಈ ಬರಹ ತಮ್ಮ ಕಣ್ಣಿಗೆ ಬೀಳಲೆಂದು ಆಶಿಸುತ್ತೇನೆ.