ರಿಟೈರ್ ಆದೆ, ಥ್ಯಾಂಕ್ಸ್ ಹೇಳುವುದು ಬಾಕಿ ಇತ್ತು

ಹೋದ ವಾರ ಲ್ಯಾಬಿನ ಕೀಲಿ ಒಪ್ಪಿಸಿ ಬಂದೆ. ಬೀಳ್ಕೊಡುಗೆಯಲ್ಲಿ ಎಲ್ಲರೂ ನನ್ನ ಪೇಪರ್‌ಗಳ ಬಗ್ಗೆಯೇ ಮಾತಾಡಿದರು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ. ಆದರೆ ಆ ಕೆಲಸವನ್ನು ಸಾಧ್ಯ ಮಾಡಿದವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನರ ಹೆಸರು ಯಾವ ಪೇಪರ್ ಮೇಲೂ ಇಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ, ನಾನು ಇಷ್ಟು ವರ್ಷ ನೋಡಿದ್ದು ರಕ್ತ ಹೀರುವ ಒಂದು ತಿಗಣೆಯ ಮೂತ್ರವನ್ನು. ನಗಬೇಡಿ. ರೋಡ್ನಿಯಸ್ ಅಂತ ಅದರ ಹೆಸರು, ದಕ್ಷಿಣ ಮತ್ತು ಮಧ್ಯ ಅಮೆರಿಕದ್ದು, ಚಾಗಸ್ ರೋಗ ಹರಡುತ್ತದೆ. ದೊಡ್ಡ ಮರಿ ಒಂದೇ ಊಟದಲ್ಲಿ ತನ್ನ ತೂಕದ ಸುಮಾರು 10 ಪಟ್ಟು ರಕ್ತ ಕುಡಿಯುತ್ತದೆ. ಅಷ್ಟು ಭಾರ ಹೊತ್ತು ಓಡೋಕಾಗುತ್ತಾ? ಹಾಗಾಗಿ ಕೆಲವೇ ನಿಮಿಷಗಳಲ್ಲಿ ಬೇಡದ ನೀರು, ಉಪ್ಪು ಹೊರಹಾಕಲು ಶುರು ಮಾಡುತ್ತದೆ. ಇದು ನಾಲ್ಕು ಮಾಲ್ಪಿಘಿ ನಾಳಗಳ ಕೆಲಸ, ಕೀಟಕ್ಕೆ ಅವು ನಮ್ಮ ಕಿಡ್ನಿ ಇದ್ದ ಹಾಗೆ. ಊಟವಾದಾಗ ಹುಳುವಿನ ದೇಹದಲ್ಲೇ ಬಿಡುಗಡೆಯಾಗುವ ಸೆರೊಟೋನಿನ್ ಅನ್ನುವ ಹಾರ್ಮೋನ್ ತಾಗಿದರೆ ಸ್ರವಿಸುವ ವೇಗ ಸಾವಿರ ಪಟ್ಟಿನ ಹತ್ತಿರ ಏರುತ್ತದೆ, ನಾಳದ ಮೇಲ್ಭಾಗದ ಒಂದೊಂದು ಕೋಶವೂ ತನ್ನ ಗಾತ್ರದಷ್ಟೇ ದ್ರವವನ್ನು ಸುಮಾರು 15 ಸೆಕೆಂಡಿಗೊಮ್ಮೆ ಹೊರದಬ್ಬುತ್ತದೆ. ಇದು ಹೇಗಪ್ಪಾ ಅನ್ನುವ ಒಂದೇ ಪ್ರಶ್ನೆ ನನಗೆ ಪೂರ್ತಿ ಕೆರಿಯರ್‌ಗೆ ಸಾಕಾಯಿತು.

ಮೊದಲ ಥ್ಯಾಂಕ್ಸ್ ನಮ್ಮ ಹುಳು ಸಾಕುವ ರೂಮಿನ ಅಕ್ಕನಿಗೆ. ಈ ಹುಳುವಿನ ಮರಿ ಪ್ರತಿ ಸಲ ಪೊರೆ ಕಳಚಬೇಕಾದರೆ ಹೊಟ್ಟೆ ತುಂಬಾ ರಕ್ತ ಬೇಕು. ತೆಳು ಹಾಳೆಯ ಕೆಳಗೆ ರಕ್ತ ಬೆಚ್ಚಗೆ ಇಟ್ಟು ಊಟ ಹಾಕುವುದು, ಯಾವ ಡಬ್ಬಿ ಯಾವತ್ತು ಕುಡಿದಿದೆ ಅಂತ ಬರೆದಿಡುವುದು, ಎಲ್ಲಾ ಅವರದೇ. ಒಂದು ಕಾಲದಲ್ಲಿ ಮೇಲಿನಿಂದ ಹೊಸ ನಿಯಮ ಬಂತು, ಡಬ್ಬಿಗಳು ಫಳಫಳ ಹೊಳೆಯಬೇಕು, ಮೊಟ್ಟೆ ತೊಳೆದು ಬೇರೆ ಇಡಬೇಕು ಅಂತ. ಮಾಡಿದೆವು. ಸ್ವಲ್ಪ ದಿನಕ್ಕೆ ಮರಿಗಳು ಬೆಳೆಯುವುದೇ ನಿಂತಿತು. ಕುಡಿಯುತ್ತಿದ್ದವು, ಆದರೆ ಪೊರೆ ಕಳಚುತ್ತಿರಲಿಲ್ಲ, ಸಾಯುತ್ತಿದ್ದವು. ಅದೇ ಹೊತ್ತಿಗೆ ಫಂಡೂ ನಿಂತಿತ್ತು. ನಾವೆಲ್ಲ ರಕ್ತ ಕೆಟ್ಟಿದೆಯಾ, ಬಿಸಿ ಹೆಚ್ಚಾಯಿತಾ ಅಂತ ತಲೆ ಕೆಡಿಸಿಕೊಂಡಿದ್ದಾಗ ಅಕ್ಕ ಹೇಳಿದ್ದು ಇಷ್ಟೇ: "ಮೇಡಂ, ದೊಡ್ಡವುಗಳ ಜೊತೆ ಬಿಟ್ಟ ಮರಿ ಚೆನ್ನಾಗಿವೆ. ತೊಳೆದ ಡಬ್ಬಿಯವೇ ಹೀಗೆ."

ಸರಿಯಾಗಿಯೇ ಹೇಳಿದ್ದರು. ಈ ಹುಳುವಿನ ಕರುಳಿನಲ್ಲಿ ರೋಡೋಕಾಕಸ್ ಅನ್ನುವ ಬ್ಯಾಕ್ಟೀರಿಯಾ ಇರುತ್ತದೆ. ಅದಿಲ್ಲದೆ ಮರಿಗಳು ಪೂರ್ತಿ ಬೆಳೆಯುವುದು ಕಷ್ಟ. ಮರಿಗೆ ಅದು ಸಿಗುವುದು ದೊಡ್ಡವುಗಳ ಹಿಕ್ಕೆಯಿಂದ. ಅದನ್ನೇ ನಾವು ಶ್ರದ್ಧೆಯಿಂದ ತೊಳೆದು ಹಾಕುತ್ತಿದ್ದೆವು. ಪುಸ್ತಕದಲ್ಲಿ ಇದನ್ನು ಓದಿದ್ದ ನಮಗಿಂತ ಮುಂಚೆ ನೋಟದಲ್ಲೇ ಹಿಡಿದವರು ಅವರು. ಅವತ್ತು ಅವರು ಬಾಯಿ ಬಿಡದಿದ್ದರೆ ಮುಂದಿನ ಅರ್ಧ ಕೆಲಸ ಇರುತ್ತಲೇ ಇರಲಿಲ್ಲ.

ಆಮೇಲೆ ಎಲೆಕ್ಟ್ರಾನ್ ಮೈಕ್ರೋಸ್ಕೋಪಿನ ಆಪರೇಟರ್. ನಾಳದ ಕೋಶಗಳ ಒಳಮುಖದಲ್ಲಿ ಬೆರಳಿನಂತಹ ಸಣ್ಣ ಚಾಚುಗಳು ಒತ್ತೊತ್ತಾಗಿ ಇರುತ್ತವೆ. ನಾಳ ಚುರುಕಾದ ಮೇಲೆ ಕೋಶಕ್ಕೆ ಶಕ್ತಿ ಒದಗಿಸುವ ಮೈಟೋಕಾಂಡ್ರಿಯಾಗಳು ಕೋಶದ ಒಳಗಿಂದ ಸರಿದು ಆ ಚಾಚುಗಳೊಳಗೇ ನುಗ್ಗುತ್ತವೆ, ಸ್ರವಿಸುವ ಕೆಲಸ ನಡೆಸುವ ಪ್ರೋಟಾನ್ ಪಂಪುಗಳ ಪಕ್ಕದಲ್ಲೇ ಶಕ್ತಿ ಸಿಗಲಿ ಅಂತಲೋ ಏನೋ. ಓದಿ ಗೊತ್ತಿತ್ತು, ಆದರೆ ಅವರು ಕತ್ತರಿಸಿದ ತೆಳು ಸೀಳಿನಲ್ಲಿ ಕಣ್ಣಾರೆ ಕಂಡಾಗ ನಾನು ಆ ಕತ್ತಲೆ ರೂಮಿನಲ್ಲಿ ಕಿರುಚಿದ್ದೆ. ಅವರು ಮಾತ್ರ ಫೋಕಸ್ ಅಲುಗುತ್ತೆ ಸುಮ್ನಿರಿ ಅಂದರು.

ಕಂಡೇ ಇರದವರಿಗೂ ಋಣ ಇದೆ. ವಿಜ್ಞಾನಿ ರಾಮ್ಸೆ 1950ರ ದಶಕದಲ್ಲಿ ತೋರಿಸಿಕೊಟ್ಟ ದಾರಿಯಲ್ಲೇ ನಾವು ಇವತ್ತಿಗೂ ನಾಳ ಎಷ್ಟು ಸ್ರವಿಸುತ್ತದೆ ಅಂತ ಅಳೆಯುತ್ತೇವೆ: ಎಣ್ಣೆಯ ಕೆಳಗೆ ಉಪ್ಪುನೀರಿನ ಹನಿಯಲ್ಲಿ ನಾಳ ಇಟ್ಟು, ತುದಿಯಿಂದ ಬರುವ ತೊಟ್ಟಿನ ಅಗಲ ನೋಡಿ ಲೆಕ್ಕ ಹಾಕುವುದು. ಎಷ್ಟು ಸರಳ ಅಲ್ವಾ? ಇದೇ ಹುಳುವಿನ ತಲೆ ಕತ್ತರಿಸಿ, ಊಟವಾದ ಮೇಲೆ ಬೇಗ ಕತ್ತರಿಸಿದರೆ ಪೊರೆ ಕಳಚಲ್ಲ, ತಡವಾಗಿ ಕತ್ತರಿಸಿದರೆ ಕಳಚುತ್ತದೆ ಅಂತ 1930ರ ದಶಕದಲ್ಲಿ ತೋರಿಸಿದ ವಿಜ್ಞಾನಿ ವಿಗಲ್ಸ್‌ವರ್ತ್ ಇಲ್ಲದಿದ್ದರೆ ರೋಡ್ನಿಯಸ್ ಇಷ್ಟೊಂದು ಲ್ಯಾಬುಗಳಿಗೆ ಬರುತ್ತಿತ್ತೋ ಇಲ್ಲವೋ.

ಫಂಡ್ ಇಲ್ಲದಾಗ ತಮ್ಮ ಮೈಕ್ರೋಸ್ಕೋಪನ್ನು ರಾತ್ರಿ ಹೊತ್ತು ಬಿಟ್ಟುಕೊಟ್ಟ ಪಕ್ಕದ ಲ್ಯಾಬಿನವರಿಗೆ, ಸಂಬಳ ಖಾತ್ರಿಯಿಲ್ಲದೆಯೂ ಥೀಸಿಸ್ ಬಿಟ್ಟು ಹೋಗದ ವಿದ್ಯಾರ್ಥಿಗಳಿಗೆ, ಇದರಿಂದ ಯಾರಿಗೇನು ಉಪಯೋಗ ಅಂತ ನೆಂಟರು ಕೇಳಿದಾಗಲೆಲ್ಲ ನನಗಿಂತ ಚೆನ್ನಾಗಿ ಉತ್ತರ ಕೊಟ್ಟ ನಮ್ಮ ಯಜಮಾನರಿಗೆ ಥ್ಯಾಂಕ್ಸ್. ಉತ್ತರ ಏನು ಅಂದರೆ, ಕೀಟದ ನೀರು ಉಪ್ಪಿನ ಹತೋಟಿ ಎಲ್ಲಿ ತಪ್ಪುತ್ತದೆ ಅಂತ ಗೊತ್ತಾದರೆ ರೋಗ ಹರಡುವ ಇಂಥ ಕೀಟಗಳನ್ನು ತಡೆಯುವ ಹೊಸ ದಾರಿ ಹುಡುಕಬಹುದು. ಇಷ್ಟು ಚಿಕ್ಕದಾಗಿ ಹೇಳೋಕೆ ನನಗೆ ಯಾವತ್ತೂ ಬರಲಿಲ್ಲ.

ಹುಳುಗಳನ್ನೆಲ್ಲ ನನ್ನ ಕೊನೆಯ ವಿದ್ಯಾರ್ಥಿನಿ ತನ್ನ ಹೊಸ ಲ್ಯಾಬಿಗೆ ಒಯ್ದಿದ್ದಾಳೆ. ಮೊಟ್ಟೆ ಬೇಕಾದವರು ಅವಳನ್ನು ಕೇಳಿ. ಡಬ್ಬಿ ಮಾತ್ರ ಜಾಸ್ತಿ ತೊಳೆಯಬೇಡಿ.