ಹೊಳೆದಂಡೆಯವರಿಗೆ ‘ರಿಪೇರಿಯನ್’ ನೋಟಿಸು

ಮಾನ್ಯ ಸಂಪಾದಕರೇ,

ತುಂಗೆಯ ದಂಡೆಯ ತೋಟದವರಿಗೆ ಬಂದಿರುವ ನೋಟಿಸಿನ ಕುರಿತ ನಿಮ್ಮ ವರದಿ ‘ಗೊಂದಲ’ ಎಂಬ ಒಂದೇ ಮಾತಿನಲ್ಲಿ ಹೇಳಿ ಮುಗಿಸಿದ್ದನ್ನು ನಾವು ಅನುಭವಿಸಿದ್ದೇವೆ. ‘ರಿಪೇರಿಯನ್ ಹಿಡುವಳಿದಾರರು ದಾಖಲೆಗಳೊಂದಿಗೆ ಹಾಜರಾಗತಕ್ಕದ್ದು’ ಎಂಬುದನ್ನು ಓದಿ, ಪಂಪ್‌ಸೆಟ್ ರಿಪೇರಿಗೆ ಸಹಾಯಧನ ಸಿಗುತ್ತದೆಂದು ನಂಬಿದ ನಮ್ಮೂರಿನ ಹಲವರು, ಮಳೆ ಹೊಳವಾದ ದಿನ ಅಡಿಕೆಗೆ ಔಷಧಿ ಹೊಡೆಯುವುದನ್ನೂ ಬಿಟ್ಟು, ಮೋಟಾರಿನ ಬಿಲ್ಲು ಹಿಡಿದು ತಾಲ್ಲೂಕು ಕೇಂದ್ರಕ್ಕೆ ಹೋದರು. ಪಹಣಿ, ನಕ್ಷೆಗಳೊಂದಿಗೆ ಹೋದ ನಾನು ಅರ್ಥ ಕೇಳಿದರೆ, ಮೇಲಿನಿಂದ ಹಾಗೆಯೇ ಬಂದಿದೆ ಎಂಬ ಉತ್ತರ ಸಿಕ್ಕಿತು.

ಆ ಪದದಲ್ಲಿ ಗಹನವಾದದ್ದೇನೂ ಇಲ್ಲ. ಲ್ಯಾಟಿನ್ನಿನ ‘ರೀಪಾ’ ಎಂದರೆ ದಂಡೆ. ‘ರಿಪೇರಿಯನ್’ ಎಂದರೆ ನದಿದಂಡೆಯ, ಅಷ್ಟೆ. ‘ರಿವರ್’ ಕೂಡ ಫ್ರೆಂಚಿನ ಮೂಲಕ ಅದೇ ಬೇರಿನಿಂದ ಬಂದದ್ದು. ಆದರೆ ರಿವರ್ ಎಲ್ಲರ ಬಾಯಿಗೆ ಬಂತು. 19ನೆಯ ಶತಮಾನದಲ್ಲಿ ಬಳಕೆಗೆ ಬಂದ ರಿಪೇರಿಯನ್ ಹೆಚ್ಚಾಗಿ ವಕೀಲರ ಮತ್ತು ವಿಜ್ಞಾನಿಗಳ ಬರಹದಲ್ಲೇ ಉಳಿಯಿತು. ಕಾನೂನಿನಲ್ಲಿ ಅದರ ತೂಕ ದೊಡ್ಡದು. ಇಂಗ್ಲೆಂಡಿನ ರೂಢಿಗತ ಕಾನೂನಿನ ಪ್ರಕಾರ, ನೀರಿಗೆ ತಾಗಿದ ಜಮೀನಿನವನಿಗೆ, ಕೆಳಗಿನವರ ಹರಿವಿಗೆ ಧಕ್ಕೆಯಾಗದಂತೆ ಆ ನೀರನ್ನು ಹದವರಿತು ಬಳಸುವ ಹಕ್ಕಿದೆ. ಹರಿಯುವ ನೀರಿನ ಒಡೆತನವಿಲ್ಲ. ಕಾವೇರಿ ವ್ಯಾಜ್ಯದಲ್ಲಿ ಮೇಲಿನ, ಕೆಳಗಿನ ರಾಜ್ಯಗಳನ್ನು ಕುರಿತು ಇಂಗ್ಲಿಷಿನಲ್ಲಿ ಬಳಸುವುದೂ ಇದೇ ವಿಶೇಷಣವನ್ನು. ಹೀಗಿರುವಾಗ, ತೋಟಕ್ಕೂ ಹೊಳೆಗೂ ನಡುವೆ ಸರ್ಕಾರಿ ಖರಾಬು (ಸಾಗುವಳಿಗೆ ಸೇರದ ಜಾಗ) ಇರುವವರು ಈ ಪದದೊಳಗೆ ಬರುತ್ತಾರೋ ಇಲ್ಲವೋ ಎಂಬುದೇ ನಮಗೆ ಮುಖ್ಯವಾದ ಪ್ರಶ್ನೆ. ನೋಟಿಸು ಹೇಳದಿರುವುದು ಅದನ್ನೇ.

ಮಲೆನಾಡಿನವರು ಇಂಥ ಪದಗಳಿಂದ ಹಿಂದೆಯೂ ನೊಂದಿದ್ದಾರೆ. ‘ಡೀಮ್ಡ್’, ಅಂದರೆ ‘ಎಂದು ಪರಿಗಣಿಸಲಾದ’, ಎಂಬ ಇನ್ನೊಂದು ವಿಶೇಷಣ ‘ಫಾರೆಸ್ಟ್’ ಪದದ ಹಿಂದೆ ಸೇರಿಕೊಂಡು, ತಲೆಮಾರುಗಳಿಂದ ಉಳುತ್ತಿದ್ದವರ ನಿದ್ದೆ ಕೆಡಿಸಿತು. ಆಗಲೂ ಅರ್ಥ ಕೇಳಿ ಕಚೇರಿಯಿಂದ ಕಚೇರಿಗೆ ಅಲೆದವರು ನಾವೇ, ವರ್ಗಾವಣೆಯಾಗಿ ಹೋದವರು ಅಧಿಕಾರಿಗಳು. ಕನ್ನಡವನ್ನು ರಾಜ್ಯದ ಅಧಿಕೃತ ಭಾಷೆಯಾಗಿಸಿದ ಕಾಯ್ದೆ 1963ರದು. ಇಷ್ಟು ವರ್ಷಗಳ ನಂತರವೂ ‘ನದಿದಂಡೆಯ’ ಎಂದು ಬರೆಯಲಾರದವರು ಹೊಳೆಬದಿಯ ಜನರ ಹಕ್ಕನ್ನು ತೀರ್ಮಾನಿಸಲು ಹೊರಟಿರುವುದು ಅಕ್ಷಮ್ಯ.

ಈ ನೋಟಿಸನ್ನು ಹಿಂಪಡೆಯಬೇಕು. ಇಲ್ಲವೇ ಅದು ಯಾರಿಗೆ ಅನ್ವಯಿಸುತ್ತದೆಂದು ತಿಳಿಗನ್ನಡದಲ್ಲಿ ಬರೆದು ಮತ್ತೆ ಕಳುಹಿಸಬೇಕು. ಓದಿ ನೋಡದೆ ಸಹಿ ಹಾಕುವ ಅಧಿಕಾರಿಗಳಿಗೂ ಮೇಲಿನವರು ಬುದ್ಧಿ ಹೇಳಬೇಕು.

– ಹೊಳೆದಂಡೆಯ ಕೃಷಿಕ, ತೀರ್ಥಹಳ್ಳಿ ತಾಲ್ಲೂಕು